ಗೊರಸು ಕೆತ್ತುವ ಚಾಕು ಕೆಳಗಿಡಿಸಿದ ಯೋಜನೆ

ಕುರಿ ಕುಂಟಿದರೆ ಹಿಡಿದು ಕೆಡವಿ, ಕೊಳೆತ ಗೊರಸನ್ನು ನೆತ್ತರು ಜಿನುಗಿದರೂ ಬಿಡದೆ ಕೆತ್ತುವುದು ಬ್ರಿಟನ್ನಿನ ಕುರಿಗಾರರ ಹಳೆಯ ರೂಢಿ. 2014ರಲ್ಲಿ ರುತ್ ಕ್ಲೆಮೆಂಟ್ಸ್ ಮತ್ತೊಬ್ಬ ಸಂಶೋಧಕರ ಜತೆ ಪ್ರಕಟಿಸಿದ ‘ಐದಂಶದ ಯೋಜನೆ’ ಈ ರೂಢಿಗೆ ಬೆನ್ನು ತಿರುಗಿಸಿತು. ಪದೇ ಪದೇ ಕುಂಟುವ ಕುರಿಯನ್ನು ಹಿಂಡಿನಿಂದ ತೆಗೆಯಬೇಕು, ಹೊಸದಾಗಿ ಕೊಂಡದ್ದನ್ನು ಬೇರೆ ಕಟ್ಟಬೇಕು, ಕುಂಟಿದ್ದಕ್ಕೆ ತಡಮಾಡದೆ ಔಷಧ ಕೊಡಬೇಕು, ರೋಗ ಹರಡುವ ಕೆಸರು ಜಾಗಗಳನ್ನು ತಪ್ಪಿಸಬೇಕು, ಲಸಿಕೆ ಹಾಕಿಸಬೇಕು.

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಔಷಧದ ಮಾತು. ಗೊರಸುಕೊಳೆ ರೋಗ ತರುವ ಡೈಕೆಲೋಬ್ಯಾಕ್ಟರ್ ನೋಡೋಸಸ್ ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ. ಒದ್ದೆಯಲ್ಲಿ ಮೆತ್ತಗಾದ ಗೊರಸಿನ ಸಂದಿಗೆ ಸೇರಿ, ಒಳಗಿನ ಜೀವಂತ ಪದರದಿಂದ ಗೊರಸನ್ನೇ ಬಿಡಿಸುತ್ತದೆ, ಕಾಲೆತ್ತಿದರೆ ಗಬ್ಬುನಾತ. ಗೊರಸು ತೆರೆದರೆ ಗಾಳಿ ತಗುಲಿ ವಾಸಿಯಾದೀತೆಂಬ ನಂಬಿಕೆಗೆ ಅರ್ಥವಿತ್ತು. ಆದರೆ 2010ರ ಪ್ರಯೋಗವೊಂದರಲ್ಲಿ ಗೊರಸು ಕೆತ್ತದೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಟ್ಟು, ಔಷಧ ಸಿಂಪಡಿಸಿದ ಕುರಿಗಳಲ್ಲಿ ಹೆಚ್ಚಿನವು ಹತ್ತು ದಿನಗಳಲ್ಲೇ ಚೇತರಿಸಿಕೊಂಡವು, ಕೆತ್ತಿಸಿಕೊಂಡವು ಹಿಂದುಳಿದವು. ನೋಯುವ ಕಾಲಿಗೆ ಇನ್ನೊಂದು ಗಾಯ ಮಾಡುವುದನ್ನು ನಿಲ್ಲಿಸಿದ್ದು ಸಣ್ಣ ಉಪಕಾರವಲ್ಲ.

ಆದರೂ ಹೊಗಳಿಕೆ ಅಳತೆ ಮೀರಬಾರದು. ಇಂಗ್ಲೆಂಡಿನ ಹಿಂಡುಗಳಲ್ಲಿ ಕುಂಟುವ ಕುರಿಗಳ ಪ್ರಮಾಣ 2004ರಲ್ಲಿ ಸುಮಾರು ಶೇಕಡಾ 10 ಇದ್ದದ್ದು 2013ಕ್ಕೇ ಶೇಕಡಾ 5ರ ಆಸುಪಾಸಿಗೆ ಇಳಿದಿತ್ತು. ಅಂದರೆ ಯೋಜನೆ ಅಚ್ಚಾಗುವ ಮೊದಲೇ ಅನೇಕರು ಚಾಕು ಬಿಟ್ಟಿದ್ದರು. ಚದುರಿದ್ದ ತಿಳಿವಳಿಕೆಯನ್ನು ಕೂಡಿಸಿ, ರೈತ ನೆನಪಿಟ್ಟುಕೊಳ್ಳುವಂತೆ ಹೇಳಿದ್ದೇ ಇದರ ಹೆಚ್ಚುಗಾರಿಕೆ.

ಇದರ ದೊಡ್ಡ ಕೊರತೆ ಆಳಿನ ಲೆಕ್ಕ ಬಿಟ್ಟಿರುವುದು. ನಡೆಯುವಾಗ ತಲೆ ತೂಗುವ ಕುರಿಯನ್ನು ಮೂರು ದಿನದೊಳಗೆ ಗುರುತಿಸಿ ಹಿಡಿಯಬೇಕು. ಮುಂಗಾಲು ಮಡಿಸಿ ಮೇಯತೊಡಗಿತೆಂದರೆ ಆಗಲೇ ತಡವಾಗಿದೆ. ಬೆಟ್ಟದ ಮೇಲೆ ಚದುರಿದ ನೂರಾರು ಕುರಿಗಳಲ್ಲಿ ಇದನ್ನು ಒಬ್ಬಂಟಿ ರೈತ ಮಾಡುವುದು ಹೇಗೆ? ಹೊಲದಲ್ಲೇ ನಿಲ್ಲಿಸಬಹುದಾದ ತಡಿಕೆ ದೊಡ್ಡಿಗೆ ಮೊದಲು ಹಣ ಹಾಕಿ ಎಂಬುದು ಆರನೆಯ ಅಂಶವಾಗಬೇಕಿತ್ತು.

ಕರ್ನಾಟಕದ ಕುರಿಗಾರರಿಗೆ ಇದನ್ನು ಇಡಿಯಾಗಿ ಒಪ್ಪಿಸುವುದೂ ಸಲ್ಲದು. ಬ್ರಿಟನ್ನಿನಲ್ಲಿ ಕುಂಟಿಗೆ ಬಹುಪಾಲು ಕಾರಣ ಗೊರಸುಕೊಳೆಯೇ. ನಮ್ಮಲ್ಲಿ ನೀಲಿನಾಲಿಗೆ ರೋಗವಿರಬಹುದು, ಕಾಲುಬಾಯಿ ಜ್ವರವಿರಬಹುದು. ಎರಡೂ ವೈರಸ್ಸಿನವು, ಆ್ಯಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ. ಸೂಜಿ ಹಿಡಿಯುವ ಮುನ್ನ ಬಾಯಿ, ನಾಲಿಗೆಯನ್ನೂ ನೋಡಲೇಬೇಕು. ಚಾಕು ಬಿಡುವ ಪಾಠ ಮಾತ್ರ ಯಾವ ಹಟ್ಟಿಯಲ್ಲಾದರೂ ಇಂದೇ ಶುರುವಾಗಬಹುದು.