ಜಿಗಿತ ಮುಗಿದ ಮೇಲೆ ಎದ್ದು ಹೋಗಬೇಡಿ

ಎತ್ತರದ ಇಳಿಜಾರಿನಿಂದ ಒಬ್ಬ ಹಾರುತ್ತಾನೆ, ಸ್ಕೀಗಳ ಮೇಲೆ ಮೈ ಚಾಚಿ ಗಾಳಿಯಲ್ಲಿ ತೇಲುತ್ತಾನೆ, ನೂರು ಮೀಟರ್ ಆಚೆ ಇಳಿಯುತ್ತಾನೆ. ಈ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ನೋಡಿದ ಮಂದಿ ಒಮ್ಮೆ ಹುಬ್ಬೇರಿಸಿ ಮುಂದಿನ ವಿಡಿಯೊ ಹುಡುಕುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಹಾರಿದವನು ನಾರ್ಡಿಕ್ ಕಂಬೈನ್ಡ್ ಆಟಗಾರನಾಗಿದ್ದರೆ, ಅವನ ಖರೆ ಪರೀಕ್ಷೆ ಇನ್ನೂ ಶುರುವೇ ಆಗಿರುವುದಿಲ್ಲ. ಅದೇ ದಿನ ಅವನು ಏರು ಇಳಿಜಾರಿನ ಹಾದಿಯಲ್ಲಿ ಸ್ಕೀ ಮೇಲೆ 10 ಕಿಲೋಮೀಟರ್ ಓಡಬೇಕು. ಅದನ್ನು ನೋಡದವರು ಈ ಆಟವನ್ನೇ ನೋಡಿಲ್ಲ.

ಇದು ಬರೇ ನನ್ನೊಬ್ಬನ ಕೊರಗಲ್ಲ. 1924ರ ಶಾಮೊನಿಯಿಂದ ಒಲಿಂಪಿಕ್ಸ್‌ನಲ್ಲಿರುವ ಆಟ ಇದು. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಮಹಿಳಾ ವಿಭಾಗವನ್ನು 2026ರ ಕೂಟಕ್ಕೆ ಸೇರಿಸಲು ಒಪ್ಪಲಿಲ್ಲ. ಹಿಂದಿನ ಮೂರು ಒಲಿಂಪಿಕ್ಸ್‌ಗಳ 27 ಪದಕಗಳೂ ನಾಲ್ಕೇ ದೇಶಗಳ ಪಾಲಾಗಿವೆ, ನೋಡುವವರೂ ತೀರ ಕಡಿಮೆ ಎಂದು ಕಾರಣ ಕೊಟ್ಟಿತು. ಪ್ರೇಕ್ಷಕರ ಕೊರತೆಯೇ ಆಟದ ಕೊರಳಿಗೆ ಉರುಳಾಗಿದೆ. ಆದ್ದರಿಂದ ನಮ್ಮ ತುಬಚಿ ಹಳ್ಳಿಯಲ್ಲಿ ಕೂತು ಒಬ್ಬರನ್ನಾದರೂ ಈ ಕಡೆ ಎಳೆದು ತರುವುದು ನನಗೆ ಸಣ್ಣ ಕೆಲಸವೆನಿಸುವುದಿಲ್ಲ.

ನನ್ನ ಮಾತು ಕೇಳುವುದಾದರೆ ಚಳಿಗಾಲದಿಂದಲ್ಲ, ಬೇಸಿಗೆಯ ಗ್ರ್ಯಾನ್ ಪ್ರೀಯಿಂದ ಆರಂಭಿಸಿ. ಯುರೋಪಿನ ಆ ಬೇಸಿಗೆ ನಮ್ಮ ಶ್ರಾವಣ, ಭಾದ್ರಪದ. ಇಲ್ಲಿ ಪಂಚಮಿಯ ಜೋಕಾಲಿ ಇಳಿಸಿ, ನಿಂಬೆಹಣ್ಣು ಎಸೆಯುವ ಪಂದ್ಯಗಳೆಲ್ಲ ಮುಗಿದ ಹೊತ್ತಿಗೆ ಅಲ್ಲಿ ಒಬೆರ್‌ಹೋಫ್, ಕ್ಲಿಂಗೆಂತಾಲ್, ಫಿಲ್ಲಾಖ್, ಒಬೆರ್‌ಸ್ಟ್‌ಡೋರ್ಫ್, ಪ್ಲಾನಿಟ್ಸಾದಂಥ ಊರುಗಳಲ್ಲಿ ಸ್ಪರ್ಧೆ ನಡೆಯುತ್ತದೆ. 1998ರಿಂದ ನಡೆದುಬಂದ ಸರಣಿ ಇದು. "ಹಿಮವೇ ಇಲ್ಲ, ಇದೆಂಥ ಸ್ಕೀಯಿಂಗ್?" ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಹಿಮದ ಚಿತ್ರ ಬೇಕು, ಆಟ ಬೇಡ.

ಹಿಮದ ಮೇಲೆ ಓಡುವಾಗ ಸ್ಕೀಯ ಅಡಿಗೆ ಮೇಣ ಸವರುತ್ತಾರೆ. ಆ ದಿನದ ತಾಪ, ತೇವ, ಹಿಮದ ಹರಳು ಎಲ್ಲ ನೋಡಿ ಮೇಣ ಆರಿಸುವುದು ತಂತ್ರಜ್ಞರ ಕೆಲಸ. ಅವರ ಲೆಕ್ಕ ತಪ್ಪಿದರೆ ಎಂಥ ದಮ್ಮಿನ ಓಟಗಾರನೂ ಹಿಂದೆ ಬೀಳುತ್ತಾನೆ, ಟಿವಿಯಲ್ಲಿ ನೋಡುವ ನಮಗೆ ಕಾರಣ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಓಟ ಡಾಂಬರು ಹಾದಿಯ ಮೇಲೆ, ಕಾಲಿಗೆ ಗಾಲಿ ಇರುವ ರೋಲರ್ ಸ್ಕೀ. ಮೇಣದ ಜೂಜು ಅಲ್ಲಿಲ್ಲ. ಯಾರ ಶ್ವಾಸಕೋಶ ಎಷ್ಟು, ಯಾರ ತಲೆ ಎಷ್ಟು ಓಡುತ್ತದೆ ಎಂಬುದು ಬಿಚ್ಚಿಟ್ಟಂತೆ ಕಾಣುತ್ತದೆ. ಈ ಸ್ಕೀಗಳಿಗೆ ಬ್ರೇಕ್ ಇರುವುದಿಲ್ಲ. ಮಳೆ ಬಿದ್ದ ಇಳಿಜಾರಿನ ತಿರುವಿನಲ್ಲಿ ಅವರು ಬಾಗುವುದನ್ನು ಒಮ್ಮೆ ನೋಡಿ, ಆಮೇಲೆ ಇದು ಖರೆಯೋ ನಕಲಿಯೋ ಹೇಳಿ.

ಜಿಗಿತವೂ ಹಿಮವಿಲ್ಲದೆಯೇ ನಡೆಯುತ್ತದೆ. ನೀರು ಸಿಂಪಡಿಸಿದ ಪ್ಲಾಸ್ಟಿಕ್ ಹಾಸಿನ ಮೇಲೆ ಇಳಿಯುತ್ತಾರೆ. ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ ಇದನ್ನು 1954ರಲ್ಲಿ ಒಬೆರ್‌ಹೋಫ್‌ನಲ್ಲಿ ಬಳಕೆಗೆ ತಂದ. ಹಾರುವ ಭಂಗಿ, ಇಳಿಯುವ ರೀತಿ, ಗಾಳಿಗೆ ಕೂಡಿಸುವ ಕಳೆಯುವ ಅಂಕಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಅಲ್ಲಿ ನಿಲ್ಲುವುದಿಲ್ಲ.

ನಾನು ನಿಲ್ಲುವುದು ಅಂತರದ ಹತ್ತಿರ. ನಾರ್ವೆಯ ಗುಂಡೆರ್ ಗುಂಡೆರ್ಸನ್ ಸ್ವತಃ ಕಂಬೈನ್ಡ್ ಆಟಗಾರ. ಅವನ ಕಾಲದಲ್ಲಿ ಜಿಗಿತದ ಅಂಕ, ಓಟದ ಅಂಕ ಎರಡನ್ನೂ ಕೂಡಿಸಿ ನೋಡುವವರೆಗೆ ಗೆದ್ದವರು ಯಾರೆಂದು ತಿಳಿಯುತ್ತಿರಲಿಲ್ಲ. ಅವನು ಜಿಗಿತದ ಅಂಕವನ್ನು ಸಮಯಕ್ಕೆ ಬದಲಿಸುವ ಕ್ರಮ ಕೊಟ್ಟ. ಒಲಿಂಪಿಕ್ಸ್‌ಗೆ ಅದು 1988ರ ಕ್ಯಾಲ್ಗರಿಯಲ್ಲಿ ಬಂತು. ಜಿಗಿತದಲ್ಲಿ ಮೊದಲಿಗನಾದವನು ಮೊದಲು ಹೊರಡುತ್ತಾನೆ, ಉಳಿದವರು ತಮ್ಮ ಕೊರತೆಗೆ ತಕ್ಕಷ್ಟು ಸೆಕೆಂಡ್ ಕಾದು ಹೊರಡುತ್ತಾರೆ. ಮೊದಲು ಗೆರೆ ದಾಟಿದವನೇ ಗೆದ್ದವನು. 10 ಕಿಲೋಮೀಟರ್ ಓಟದಲ್ಲಿ ಈಗ 15 ಅಂಕಕ್ಕೆ ಒಂದು ನಿಮಿಷ, ಅಂದರೆ ಒಂದು ಅಂಕಕ್ಕೆ 4 ಸೆಕೆಂಡ್. ನಾರ್ಮಲ್ ಹಿಲ್ ಎಂಬ ಸಣ್ಣ ಗುಡ್ಡದಲ್ಲಿ ಒಂದು ಮೀಟರಿಗೆ 2 ಅಂಕ. ಒಂದು ಮೀಟರ್ ಕಡಿಮೆ ಹಾರಿದವನು 8 ಸೆಕೆಂಡ್ ಸಾಲ ಹೊತ್ತು ಹೊರಡುತ್ತಾನೆ. ಜಿಗಿತಕ್ಕೆ ಮೈ ಹಗುರವಿರಬೇಕು, ಓಟಕ್ಕೆ ಎದೆ ತೊಡೆಗಳಲ್ಲಿ ಬಲ ಬೇಕು. ಒಂದನ್ನು ಬೆಳೆಸಿದರೆ ಇನ್ನೊಂದು ಸೊರಗುತ್ತದೆ. ಒಬ್ಬ ಆಟಗಾರ ವರ್ಷವಿಡೀ ಈ ಎರಡರ ನಡುವೆ ಮಾಡಿಕೊಂಡ ಒಪ್ಪಂದ ಆ ಸೆಕೆಂಡುಗಳಲ್ಲಿ ಕಾಣುತ್ತದೆ.

ನೀವು ಮಾಡಬೇಕಾದ್ದು ಇಷ್ಟೆ: ಓಟಕ್ಕೆ ಮೊದಲು ಒಂದು ಹಾಳೆಯಲ್ಲಿ ಮೊದಲ ಹದಿನೈದು ಹೆಸರು ಬರೆದು, ಎದುರಿಗೆ ಅವರವರ ಅಂತರ ಬರೆಯಿರಿ. ಆಮೇಲೆ ಮುಂದಿರುವವನನ್ನು ಬಿಟ್ಟು ಹಿಂದಿನವರನ್ನು ನೋಡಿ. ಯಾರ ಹತ್ತಿರ ಯಾರಿದ್ದಾರೆ? ಐದಾರು ಸೆಕೆಂಡ್ ಅಂತರದಲ್ಲಿ ಹೊರಟ ಮೂರು ನಾಲ್ಕು ಒಳ್ಳೆಯ ಓಟಗಾರರಿದ್ದರೆ ಅವರು ಗುಂಪು ಕಟ್ಟುತ್ತಾರೆ. ಸರದಿಯ ಮೇಲೆ ಮುಂದೆ ಬಂದು ಗಾಳಿ ಸೀಳುತ್ತಾರೆ, ಹಿಂದಿದ್ದವರು ಅಷ್ಟು ಹೊತ್ತು ದಮ್ಮು ಉಳಿಸಿಕೊಳ್ಳುತ್ತಾರೆ. ಬಾಗಲಕೋಟೆ, ವಿಜಯಪುರ ರಸ್ತೆಗಳಲ್ಲಿ ಬೆಳಗಿನ ಜಾವ ಸಾಲು ಹಿಡಿದು ಹೋಗುವ ನಮ್ಮ ಸೈಕಲ್ ಹುಡುಗರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಒಂಟಿಯಾಗಿ ಹೊರಟವನಿಗೆ ಮಾತ್ರ ಗಾಳಿಯ ಮರೆಯೇ ಇಲ್ಲ.

ನನಗೆ ಇದು ಹೊಳೆದದ್ದು 2018ರ ಫೆಬ್ರುವರಿ 20ರಂದು, ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ದೊಡ್ಡ ಗುಡ್ಡದ ಸ್ಪರ್ಧೆ ನೋಡುವಾಗ. ಜಿಗಿತದಲ್ಲಿ ಜಪಾನಿನ ಅಕಿಟೊ ವತಾಬೆ ಮೊದಲು, ನಾರ್ವೆಯ ಯಾರ್ಲ್ ಮಗ್ನುಸ್ ರೀಬರ್ ಒಂದೇ ಸೆಕೆಂಡ್ ಹಿಂದೆ. ಪದಕ ಅಲ್ಲಿಗೇ ಹಂಚಿಹೋಯಿತೆಂದು ನಾನು ತಿಳಿದಿದ್ದೆ. ಜರ್ಮನಿಯ ಎರಿಕ್ ಫ್ರೆಂಟ್ಸೆಲ್ 24, ಯೊಹಾನೆಸ್ ರಿಡ್ಜೆಕ್ 31, ಫಾಬಿಯಾನ್ ರೀಸ್ಲೆ 34 ಸೆಕೆಂಡ್ ಹಿಂದೆ ಹೊರಟರು. ಮೂವರೂ ಒಬ್ಬರಿಗೊಬ್ಬರು ಹತ್ತಿರ! ಒಂದಾದರು, ಪಾಳಿಯ ಮೇಲೆ ಎಳೆದರು, ಸುತ್ತಿನಿಂದ ಸುತ್ತಿಗೆ ಅಂತರ ಕರಗಿತು, ಮುಂದಿದ್ದವರು ಸಿಕ್ಕೇ ಬಿಟ್ಟರು. ಕೊನೆಗೆ ರಿಡ್ಜೆಕ್ ಚಿನ್ನ, ರೀಸ್ಲೆ ಬೆಳ್ಳಿ, ಫ್ರೆಂಟ್ಸೆಲ್ ಕಂಚು. ಮೂವರ ನಡುವೆ ಒಂದು ಸೆಕೆಂಡೂ ಇರಲಿಲ್ಲ. ಅಂದಿನಿಂದ ನಾನು ಈ ಆಟವನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತೇನೆ.

ಇದಕ್ಕಿಂತ ದೊಡ್ಡ ಬೆನ್ನಟ್ಟುವಿಕೆಯನ್ನೂ ಆಮೇಲೆ ಕಂಡೆ. 2022ರ ಬೀಜಿಂಗ್ ಕೂಟದ ಸಣ್ಣ ಗುಡ್ಡದಲ್ಲಿ ವಿನ್ಸೆಂಟ್ಸ್ ಗೈಗರ್ ಜಿಗಿತದಲ್ಲಿ ಹನ್ನೊಂದನೆಯವ, 1 ನಿಮಿಷ 26 ಸೆಕೆಂಡ್ ಹಿಂದೆ. ಕಿಲೋಮೀಟರಿಗೆ ಎಂಟೂವರೆ ಸೆಕೆಂಡಿಗಿಂತ ಹೆಚ್ಚು ಕಿತ್ತುಕೊಳ್ಳಬೇಕು. ಕಿತ್ತುಕೊಂಡ, ಗೆದ್ದ. ಅದೇ ಕೂಟದ ದೊಡ್ಡ ಗುಡ್ಡದಲ್ಲಿ ರೀಬರ್ 44 ಸೆಕೆಂಡ್ ಮುಂದೆ ಹೊರಟು ಮೊದಲ ಸುತ್ತಿನಲ್ಲೇ ದಾರಿ ತಪ್ಪಿ ಹೊರಳಿದ, ಲೀಡು ಕರಗಿತು. ಆ ತುಣುಕನ್ನೇ ಜಗತ್ತೆಲ್ಲ ಮತ್ತೆ ಮತ್ತೆ ನೋಡಿತು. ಎರಡು ನಿಮಿಷಕ್ಕೂ ಹಿಂದಿನಿಂದ ಬಂದು ಚಿನ್ನ ಗೆದ್ದ ಯೊರ್ಗೆನ್ ಗ್ರಾಬಾಕ್ ಓಟವನ್ನು ಎಷ್ಟು ಮಂದಿ ಪೂರ್ತಿ ನೋಡಿದರು? ಇನ್ನೊಬ್ಬನ ತಪ್ಪಿಗೆ ಕಣ್ಣರಳಿಸುವ ಈ ಚಟ ನನಗೆ ಹೇಸಿಗೆ ತರುತ್ತದೆ.

ಈಚೆಗೆ ಕಾಂಪ್ಯಾಕ್ಟ್ ಎಂಬ ಹೊಸ ಬಗೆ ಬಂದಿದೆ. ಎಷ್ಟು ಮೀಟರ್ ಹಾರಿದರೇನು, ಸ್ಥಾನಕ್ಕೆ ತಕ್ಕಂತೆ ಮೊದಲೇ ಗೊತ್ತು ಮಾಡಿದ ಅಂತರ. ಟಿವಿಗೆ ಬಿಗಿಯಾದ ಓಟ ಸಿಗುತ್ತದೆ ಎನ್ನುತ್ತಾರೆ. ಮೈಯಲ್ಲಾಡಿಸದೆ ರೋಮಾಂಚನ ಬೇಡುವ ಮಂದಿಗೆ ಹಾಕಿದ ಮಣೆ ಅದು. ದೊಡ್ಡದೊಂದು ಜಿಗಿತಕ್ಕೆ ದೊಡ್ಡದೊಂದು ಲಾಭ ಸಿಗದಿದ್ದರೆ ಎರಡು ಆಟ ಜೋಡಿಸಿದ್ದಾದರೂ ಏತಕ್ಕೆ? ತಂಡದ ಸ್ಪರ್ಧೆ ಮತ್ತು ಮೊದಲು ಓಡಿ ಆಮೇಲೆ ಜಿಗಿಯುವ ಮಾಸ್ ಸ್ಟಾರ್ಟ್ ಇವೆ, ಅಭ್ಯಾಸವಾದ ಮೇಲೆ ನೋಡಿಕೊಳ್ಳಿ.

ಕನ್ನಡದವರಿಗೂ ಸ್ಕೀಗೂ ಏನು ನಂಟು ಎಂದು ಕೇಳಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಅವರದು ಕ್ರಾಸ್ ಕಂಟ್ರಿ, ಅಂದರೆ ಕಂಬೈನ್ಡ್‌ನ ಅರ್ಧ ಭಾಗ, ಅದೂ ನಾನು ಇಷ್ಟು ಹೊತ್ತು ಹೊಗಳಿದ ಅರ್ಧ. ಅವರ ಒಂದು ಓಟ ನೋಡಿದರೂ ಆ ಕೋಲು ಊರುವ ಲಯ, ಏರಿನಲ್ಲಿ ಕಾಲು ಬದಲಿಸುವ ರೀತಿ ಕಣ್ಣಿಗೆ ಕೂಡುತ್ತದೆ.

ಹೊಸಬರಿಗೆ ನಾನು ಹೆಣ್ಣುಮಕ್ಕಳ ಓಟವನ್ನೇ ಮೊದಲು ತೋರಿಸುತ್ತೇನೆ. 5 ಕಿಲೋಮೀಟರ್ ಅಷ್ಟೆ, ಅಂತರದ ಲೆಕ್ಕ ಬೇಗ ಕೈಗೆ ಸಿಗುತ್ತದೆ. 2021ರಲ್ಲಿ ಒಬೆರ್‌ಸ್ಟ್‌ಡೋರ್ಫ್‌ನಲ್ಲಿ ಅವರಿಗೆ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್ ಸಿಕ್ಕಿತು. ನಾರ್ವೆಯ ಯೂಡಾ ವೆಸ್ಟ್‌ವೋಲ್ ಹಾನ್ಸೆನ್ ಗೆದ್ದಳು, ಮೂರೂ ಪದಕ ನಾರ್ವೆಯವರಿಗೇ ಹೋದವು. ಮರು ವರ್ಷವೇ ಒಲಿಂಪಿಕ್ ಬಾಗಿಲು ಮುಚ್ಚಿತು. ಆದರೂ ಆ ಹುಡುಗಿಯರು ಪ್ರತಿ ಬೇಸಿಗೆ ಪ್ಲಾಸ್ಟಿಕ್ ಹಾಸಿನ ಮೇಲೆ ಜಿಗಿದು, ಗಾಲಿ ಕಟ್ಟಿಕೊಂಡು ಡಾಂಬರಿನ ಮೇಲೆ ಓಡುತ್ತಲೇ ಇದ್ದಾರೆ. ಈ ಸಲ ಅವರ ಓಟವನ್ನು ಕೊನೆಯವಳು ಗೆರೆ ದಾಟುವವರೆಗೆ ಕೂತು ನೋಡಿ.