ಇಳಿಜಾರಿನ ಸಂಯಮ

ಭಾರವಾದ ಟ್ರೇಲರನ್ನು ಎಳೆದುಕೊಂಡು ಘಟ್ಟವಿಳಿಯುವ ಲಾರಿಯನ್ನು ಕೇವಲ ಬ್ರೇಕಿನ ಬಲದಿಂದ ತಡೆಯಹೊರಟರೆ, ಘರ್ಷಣೆಯಿಂದ ಜನಿಸಿದ ಉಷ್ಣವು ಡ್ರಮ್ಮುಗಳಲ್ಲಿ ಸಂಚಯಗೊಂಡು, ಹಿಡಿತವು ಕ್ರಮೇಣ ಕ್ಷೀಣಿಸಿ, ಕಡೆಗೆ ಪೆಡಲನ್ನು ಎಷ್ಟು ಒತ್ತಿದರೂ ವೇಗವು ತಗ್ಗದಂತಾಗುವುದು. 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ದಾರಿಯಲ್ಲಿ ಡೀಸೆಲ್ ಲಾರಿಯೊಡನೆ ಇಳಿಯುತ್ತಿದ್ದಾಗ ಈ ವಿಪತ್ತಿಗೆ ಸಿಲುಕಿ ಪಾರಾದ ಅಮೆರಿಕದ ಎಂಜಿನ್ ನಿರ್ಮಾಪಕ ಕ್ಲೆಸ್ಸಿ ಕಮಿನ್ಸ್, ಆ ಅನುಭವವನ್ನು ಮರೆಯದೆ, ದಶಕಗಳ ತರುವಾಯ ಎಂಜಿನ್ ಬ್ರೇಕೊಂದನ್ನು ನಿರ್ಮಿಸಿದನು. ಅದು 1961ರಲ್ಲಿ ಮಾರುಕಟ್ಟೆಗೆ ಬಂದಿತು. ಸಿಲಿಂಡರಿನೊಳಗೆ ಗಾಳಿಯು ಪೂರ್ಣವಾಗಿ ಅದುಮಲ್ಪಟ್ಟ ಕ್ಷಣದಲ್ಲಿ ಹೊಗೆಯ ಕವಾಟವನ್ನು ತೆರೆದು, ಆ ಒತ್ತಡವನ್ನು ಹೊರಬಿಡುವ ಈ ಯುಕ್ತಿಯಿಂದ, ಶಕ್ತಿಯನ್ನುಂಟುಮಾಡುವ ಎಂಜಿನ್ನೇ ಶಕ್ತಿಯನ್ನು ಹೀರುವ ಯಂತ್ರವಾಗುವುದು.

ಆದರೆ ಯಂತ್ರಕ್ಕಿಂತ ಮಿಗಿಲಾದುದು ಚಾಲಕನ ವಿವೇಕ. ಇಳಿಜಾರು ಮೊದಲಾಗುವ ಮುನ್ನವೇ ಗೇರನ್ನು ತಗ್ಗಿಸಿ, ಭಾರವನ್ನು ಎಂಜಿನ್ನಿಗೆ ಒಪ್ಪಿಸಿ, ತಾನು ನಿಶ್ಚಯಿಸಿದ ವೇಗವನ್ನು ಮುಟ್ಟಿದಾಗಲೆಲ್ಲ ಬ್ರೇಕನ್ನು ದೃಢವಾಗಿ ಒತ್ತಿ, ಗಂಟೆಗೆ ಸುಮಾರು 8 ಕಿಲೋಮೀಟರಿನಷ್ಟು ವೇಗವನ್ನು ಇಳಿಸಿ, ಮರಳಿ ಪೂರ್ಣವಾಗಿ ಬಿಟ್ಟು, ಡ್ರಮ್ಮುಗಳಿಗೆ ತಣಿಯಲು ಅವಕಾಶವೀಯುವ ಅವನ ಕ್ರಮವು ಕಲೆಯೆಂಬ ಗೌರವಕ್ಕೆ ಅರ್ಹವಾದುದು. ಬೆಟ್ಟದ ಹಾದಿಯಲ್ಲಿ ಮಂದಗತಿಯ ಲಾರಿಯ ಹಿಂದೆ ಸಾಗುವವರು ಅಸಹನೆಯಿಂದ ಹಾರನ್ ಬಾರಿಸದಿರಲಿ; ಆ ಮಂದಗತಿಯೇ ಅವರಿಗೂ ರಕ್ಷೆ.