ಬೇಲದ ಪಾನಕಕ್ಕೆ ಐಸ್ ಏಕೆ ಬೇಡ

ಕರ್ಬೂಜ ಬೇಸಗೆ ಮುಗಿಯುವವರೆಗೂ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ, ಬೇಲ ಹಾಗಲ್ಲ. ರಾಮನವಮಿ ಕಳೆಯಿತೆಂದರೆ ಅರಸೀಕೆರೆಯ ಕಡೆ ಒಳ್ಳೆಯ ಬೇಲದ ಹಣ್ಣಿಗೆ ಹುಡುಕಾಟ ಶುರುವಾಗುತ್ತದೆ. ಬೇಲೂರಿನಲ್ಲಿ ಚೆನ್ನಕೇಶವನ ತೇರು ಹೊರಡುವುದೂ ಇದೇ ಚೈತ್ರದಲ್ಲಿ. ನೆಂಟರು ಬರುವ ಕಾಲ, ಬಿಸಿಲು ಏರುವ ಕಾಲ, ಬೇಲ ಮುಗಿಯುವ ಕಾಲ ಮೂರೂ ಒಟ್ಟಿಗೆ ಬಂದಿವೆ. ಹಾಗಾಗಿ ಮನೆಗೆ ಬಂದವರ ಕೈಗೆ ಯಾವ ಹಣ್ಣಿನ ಪಾನೀಯ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಈಗಲೇ ಮಾತಾಡಿಬಿಡುವುದು ಒಳ್ಳೆಯದು. ನನ್ನ ವಾದ ಇಷ್ಟೆ: ಬಾಯಾರಿದವರಿಗೆ ಕೊಡುವ ಪಾನೀಯದಲ್ಲಿ ಹುಳಿ ಮುಂದಿರಬೇಕು, ಸಿಹಿ ಅದರ ಹಿಂದೆ ಬರಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಸಕ್ಕರೆ ಎಂದು ಎಲ್ಲರೂ ದೂರುತ್ತಾರೆ. ಸಕ್ಕರೆಯ ಬೆನ್ನಿಗೆ ನಿಂತಿರುವುದು ಐಸ್.

ಮದುವೆ ಛತ್ರಗಳ ಬಾಗಿಲಲ್ಲಿ ಈಗ ‘ವೆಲ್ಕಂ ಡ್ರಿಂಕ್’ ಎಂದು ತಟ್ಟೆಯಲ್ಲಿಟ್ಟುಕೊಂಡು ನಿಲ್ಲುವ ಕಿತ್ತಳೆ ಬಣ್ಣದ ನೀರಿನ ಮೇಲೆ ಈ ಅಂಕಣ ಹಿಂದೆಯೂ ಹರಿಹಾಯ್ದಿದೆ. ರೆಸಾರ್ಟುಗಳ ನೀಲಿ, ಹಸಿರು ಮಾಕ್‌ಟೇಲ್‌ಗಳದ್ದೂ ಅದೇ ಕುಲ. ಆಗ ಬಂದ ಆಕ್ಷೇಪ: ರುಚಿ ಅವರವರಿಗೆ ಬಿಟ್ಟದ್ದು, ತಣ್ಣಗಿದ್ದರೆ ಸಾಕಲ್ಲವೇ? ಸಾಲದು, ಏಕೆಂದರೆ ತಂಪು ನಾಲಿಗೆಯ ಲೆಕ್ಕವನ್ನೇ ಬದಲಿಸುತ್ತದೆ. ಸಿಹಿಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಒಂದು ದ್ವಾರವಿದೆ. ಅದು 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿ ಏರಿದಂತೆ ಹೆಚ್ಚು ಚುರುಕಾಗುತ್ತದೆ ಎಂದು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ತೋರಿಸಿದರು. ತಣ್ಣಗಾದಷ್ಟೂ ಸಿಹಿ ಮಂಕು. ಹುಳಿ ಅಷ್ಟು ಸುಲಭವಾಗಿ ಮಂಕಾಗುವುದಿಲ್ಲ. ಹಾಗಾಗಿ ಐಸ್ ಸುರಿದ ಪಾನಕ ‘ಸಪ್ಪೆ, ಬರೀ ಹುಳಿ’ ಎನ್ನಿಸುತ್ತದೆ. ಮಾಡುವವರು ಇನ್ನೆರಡು ಚಮಚ ಸಕ್ಕರೆ ಸುರಿಯುತ್ತಾರೆ. ಐಸ್ ಕರಗಿ ಲೋಟ ಸ್ವಲ್ಪ ಬೆಚ್ಚಗಾದ ಕೂಡಲೇ ಅಡಗಿದ್ದ ಸಿಹಿಯೆಲ್ಲ ಹೊರಬಂದು ಗಂಟಲಿಗೆ ಅಂಟುತ್ತದೆ, ಕುಡಿದವರು ಮತ್ತೆ ನೀರು ಕೇಳುತ್ತಾರೆ. ದಾಹ ತೀರಿಸಲು ಕೊಟ್ಟದ್ದು ದಾಹ ಹೆಚ್ಚಿಸಿತು. ಇನ್ನು ಪರಿಮಳ. ಹಣ್ಣಿನ ವಾಸನೆ ಮೂಗಿಗೆ ಏರಬೇಕಾದರೆ ಪಾನೀಯದಿಂದ ಅದು ಆವಿಯಾಗಿ ಹೊರಡಬೇಕು. ಕೊರೆಯುವ ತಂಪಿನಲ್ಲಿ ಅದು ಹೊರಡುವುದೇ ಇಲ್ಲ. ಬಾಟಲಿಯ ಸಿರಪ್‌ಗೆ ಇದರಿಂದ ನಷ್ಟವಿಲ್ಲ, ಕಳೆದುಕೊಳ್ಳಲು ಅದಕ್ಕೆ ಪರಿಮಳವೇ ಇಲ್ಲ. ಬೇಲಕ್ಕೆ ಪರಿಮಳವೇ ಪ್ರಾಣ.

ಬೇಲವನ್ನು ಆರಿಸುವುದು ಕಿವಿಯಿಂದ. ಹಣ್ಣನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟರೆ ಕಾಯಿ ಟಣ್ಣೆಂದು ಪುಟಿಯುತ್ತದೆ, ಹಣ್ಣಾದದ್ದು ದೊಪ್ಪನೆ ಬಿದ್ದು ಬಿದ್ದಲ್ಲೇ ನಿಲ್ಲುತ್ತದೆ. ತೊಟ್ಟಿನ ಬಳಿ ಮೂಸಿದರೆ ಹುಳಿ, ಬೆಲ್ಲ, ಒಂದಿಷ್ಟು ಮಾಗಿದ ಘಾಟು ಸೇರಿದ ವಾಸನೆ ಬರಬೇಕು. ಬೂಷ್ಟಿನ ವಾಸನೆ ಬಂದರೆ ಚಿಪ್ಪು ಎಲ್ಲೋ ಬಿರುಕು ಬಿಟ್ಟಿದೆ ಎಂದು ಅರ್ಥ, ಬಿಟ್ಟುಬಿಡಿ. ಕಲ್ಲಿಗೆ ಒಂದೇ ಪೆಟ್ಟು ಹೊಡೆದು ಎರಡು ಹೋಳು ಮಾಡಿದರೆ ಒಳಗೆ ಕಂದು ತಿರುಳು, ಅದರ ತುಂಬ ನಾರು ಮತ್ತು ಸಣ್ಣ ಬೀಜ. ಇಲ್ಲಿಂದ ಮುಂದಿನದು ಕೈಯ ಕೆಲಸ. ತಿರುಳನ್ನು ಚಮಚದಲ್ಲಿ ಕೆರೆದು ಸ್ವಲ್ಪ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬೆರಳಿನಿಂದ ಕಿವುಚಿ, ಕಣ್ಣು ಅಗಲವಾದ ಜರಡಿಯಲ್ಲಿ ಸೋಸಬೇಕು. ಮಿಕ್ಸಿ ಇದೆಯಲ್ಲ ಎನ್ನುವವರು ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದು ನೋಡಲಿ. ಮಿಕ್ಸಿಯಲ್ಲಿ ಬೀಜ ನುರಿದು ಪಾನಕ ಒಗರಾಗುತ್ತದೆ, ನಾಲಿಗೆಗೆ ತರಿತರಿ ಸಿಗುತ್ತದೆ. ನಡುಗಾತ್ರದ ಒಂದು ಹಣ್ಣಿಗೆ ನಾಲ್ಕು ಲೋಟ ನೀರು, ಒಂದು ಹಿಡಿ ಪುಡಿ ಬೆಲ್ಲ, ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಹಣ್ಣಿನ ಹುಳಿ ನೋಡಿ ಬೆಲ್ಲವನ್ನು ಹಿಂದೆ ಮುಂದೆ ಮಾಡಬಹುದು. ಉಪ್ಪನ್ನು ಮಾತ್ರ ಬಿಡಬೇಡಿ. ಅದು ನಾಲಿಗೆಗೆ ಉಪ್ಪೆಂದು ತಿಳಿಯಬಾರದು, ಆದರೆ ಅದಿಲ್ಲದಿದ್ದರೆ ಹುಳಿಯೂ ಬೆಲ್ಲವೂ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಬೆಲ್ಲ ಹಾಕಿದರೆ ಬಣ್ಣ ಕೆಡುತ್ತದೆ ಎಂಬುದು ಹಳೆಯ ದೂರು. ಬೇಲದ ತಿರುಳೇ ಕಂದು. ಅದರಲ್ಲಿ ಕೆಡಲು ಏನಿದೆ? ಈ ದೂರಿನಿಂದಲೇ ಸಂತೆಯ ಬೆಲ್ಲ ವರ್ಷದಿಂದ ವರ್ಷಕ್ಕೆ ಹಳದಿಗೆ ತಿರುಗುತ್ತಿದೆ. ಆಲೆಮನೆಯಲ್ಲಿ ಹೈಡ್ರೋಸ್ ಹಾಕಿ ಬಣ್ಣ ತೆಗೆದ ಬೆಲ್ಲ ನೋಡಲು ಚೆಂದ, ಪಾನಕದಲ್ಲಿ ಮಾತ್ರ ಅದು ಬರೀ ಸಿಹಿ. ಕಡುಕಂದು ಬೆಲ್ಲದಲ್ಲಿ ಕಬ್ಬಿನ ಹಾಲು ಕಾದ ವಾಸನೆ ಇನ್ನೂ ಉಳಿದಿರುತ್ತದೆ, ಬೇಲದ ಘಾಟಿಗೆ ಸಮನಾಗಿ ನಿಲ್ಲುವುದು ಅದೊಂದೇ. ಬೆಲ್ಲವನ್ನು ಪ್ರತ್ಯೇಕವಾಗಿ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಸೇರಿಸಿ. ಕಬ್ಬಿನ ಸಿಪ್ಪೆ, ಮಣ್ಣು ಇದ್ದೇ ಇರುತ್ತವೆ. ಇಲ್ಲಿ ಒಂದು ಎಚ್ಚರಿಕೆ. ಬೆಲ್ಲ ಸಕ್ಕರೆಗಿಂತ ರುಚಿ ಎಂದು ಹೇಳುತ್ತಿದ್ದೇನೆ, ಸಕ್ಕರೆ ಕಾಯಿಲೆಯವರಿಗೆ ನಿರಪಾಯ ಎಂದು ಹೇಳುತ್ತಿಲ್ಲ. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಅದು ಬೇರೆ ಲೆಕ್ಕ ಕೊಡುವುದಿಲ್ಲ. ‘ಬೆಲ್ಲದ್ದು, ಏನೂ ಆಗಲ್ಲ’ ಎಂದು ಒತ್ತಾಯಿಸುವುದು ಉಪಚಾರವಲ್ಲ. ಅಂಥವರಿಗೆ ಶುಂಠಿ, ಕರಿಬೇವು, ಇಂಗು ಹಾಕಿದ ನೀರು ಮಜ್ಜಿಗೆಯನ್ನು ಪಾನಕದಷ್ಟೇ ಮರ್ಯಾದೆಯಿಂದ, ಅದೇ ಬಗೆಯ ಲೋಟದಲ್ಲಿ ಕೊಡಬೇಕು.

ಹಾಗಾದರೆ ಬಿಸಿಲಲ್ಲಿ ಬೆಂದು ಬಂದವರಿಗೆ ಬೆಚ್ಚನೆಯ ಪಾನಕ ಕೊಡುವುದೇ? ಬೇಡ. ಮಡಕೆ ಇದೆ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ಅರಸೀಕೆರೆ ಬಯಲುಸೀಮೆಯ ಊರು. ಚೈತ್ರದ ಒಣಗಾಳಿಯಲ್ಲಿ ನೆರಳಿಗೆ, ಒದ್ದೆ ಮರಳಿನ ಮೇಲೆ ಇಟ್ಟ ಮಡಕೆ ಮಧ್ಯಾಹ್ನದ ಹೊತ್ತಿಗೆ ಹೊರಗಿನ ಬಿಸಿಗಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ. ಹಲ್ಲು ಜುಮ್ಮೆನಿಸದ, ಸಿಹಿಯನ್ನು ಸಾಯಿಸದ, ಒಂದೇ ಗುಟುಕಿಗೆ ಅರ್ಧ ಲೋಟ ಇಳಿಯುವ ತಂಪು ಅದು. ಅರಸೀಕೆರೆಯಿಂದ ಪಡುವಲಿಗೆ ಹಳೇಬೀಡು, ಅದರಾಚೆ 16 ಕಿಲೋಮೀಟರಿಗೆ ಬೇಲೂರು; ಮಲೆನಾಡಿನ ಸೆರಗು ಹತ್ತಿರವಾದಂತೆ ಗಾಳಿಯ ತೇವ ಏರುತ್ತದೆ, ಮಳೆ ಹಿಡಿದ ಮೇಲೆ ಮಡಕೆ ಬಹುತೇಕ ಕೆಲಸ ನಿಲ್ಲಿಸುತ್ತದೆ. ಆದರೆ ಮಳೆ ಹಿಡಿದ ಮೇಲೆ ತಂಪು ಪಾನಕ ಯಾರಿಗೆ ಬೇಕು? ಮಡಕೆ ಸೋಲುವ ದಿನಗಳಲ್ಲಿ ಅದರ ಅಗತ್ಯವೂ ಇಲ್ಲ ಎಂಬುದು ಈ ಸೀಮೆಯ ಭಾಗ್ಯ. ಫ್ರಿಜ್ ಬಿಟ್ಟು ಬಾಳಲಾಗದವರಿಗೂ ದಾರಿಯಿದೆ: ಪಾನಕವನ್ನು ಹೊರತೆಗೆದು ಸ್ವಲ್ಪ ಹೊತ್ತು ಬಿಟ್ಟು ಕೊಡಿ, ಬೆಲ್ಲ ಸೇರಿಸುವ ಮುನ್ನ ರುಚಿ ನೋಡುವುದೂ ಆ ಬಿಸಿಯಲ್ಲೇ ಆಗಲಿ.

ಅರಸೀಕೆರೆ ಎಂದ ಮೇಲೆ ಎಳನೀರಿನ ಮಾತು ಬಾರದಿರುವುದಿಲ್ಲ. ನಿಜ ಹೇಳಬೇಕೆಂದರೆ ಬೇಲಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಎಳನೀರಿಗೆ ನಿಂಬೆ, ಪುದೀನ, ಸಬ್ಜಾ ಬೀಜ, ಕೊನೆಗೆ ಅನಾನಸ್ ರಸ ಸೇರಿಸಿ ನೆಂಟರಿಗೆ ಕೊಡುವ ಹೊಸ ಪಂಥವೊಂದು ಬೆಳೆಯುತ್ತಿದೆ. ಎಳನೀರಿನಲ್ಲಿ ಸಕ್ಕರೆಯಂಶ ನೂರಕ್ಕೆ ಐದರ ಆಸುಪಾಸು, ಹುಳಿ ಇಲ್ಲವೆಂಬಷ್ಟು ಕಡಿಮೆ. ಅಷ್ಟು ಮೆಲುದನಿಯ ಪಾನೀಯದ ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ ಉಳಿಯುವುದು ದುಬಾರಿ ಬೆಲೆಯ ನಿಂಬೆ ನೀರು. ಕೆತ್ತಿ ಪಾತ್ರೆಗೆ ಬಸಿದು ಇಟ್ಟರೆ ಗಾಳಿ ತಾಗಿ ಅದರೊಳಗಿನ ಕಿಣ್ವಗಳು ಕೆಲಸ ಶುರು ಮಾಡುತ್ತವೆ, ಬಣ್ಣ ನಸುಗೆಂಪಿಗೆ ತಿರುಗುತ್ತದೆ, ರುಚಿ ಕುಸಿಯುತ್ತದೆ. ಬುರುಡೆಯಿಂದ ನೇರ ಬಾಯಿಗೆ, ಅದೇ ಸರಿ. ಅದರಲ್ಲೂ ಈ ಭಾಗದಲ್ಲಿ ಎಳನೀರಿನ ಬೆಲೆ ಬೇರೆ. ಮದ್ದೂರಿನ ಕಡೆಯ ತೋಟ ಎಳನೀರಿಗೆಂದೇ ಕಾಯಿ ಇಳಿಸುತ್ತದೆ. ತಿಪಟೂರು, ಅರಸೀಕೆರೆಯ ಎತ್ತರದ ತೆಂಗು ಹೆಸರಾಗಿರುವುದು ಉಂಡೆ ಕೊಬ್ಬರಿಗೆ. ಏಳು ತಿಂಗಳಿಗೆ ಎಳನೀರಾಗಬಹುದಾದ ಕಾಯಿಯನ್ನು ಒಂದು ವರ್ಷ ಮರದಲ್ಲಿ ಬಲಿಯಲು ಬಿಟ್ಟು, ಆಮೇಲೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿದ ನಂತರ, ಅಲ್ಲಾಡಿಸಿದಾಗ ಒಳಗೆ ಉಂಡೆ ಕಟಕಟ ಎಂದರೆ ಅದು ಕೊಬ್ಬರಿ. ಈ ಸೀಮೆಯ ರೈತ ನೆಂಟರಿಗಾಗಿ ಎಳೆಯ ಗೊನೆ ಇಳಿಸಿದನೆಂದರೆ ಒಂದೂಕಾಲು ವರ್ಷದಾಚೆಯ ಕೊಬ್ಬರಿಯನ್ನೇ ಇಳಿಸಿದ ಹಾಗೆ. ಅದಕ್ಕೆ ಪುದೀನ ತೇಲಿಬಿಡುವುದು ಆ ಕೈಗೆ ಮಾಡುವ ಅವಮಾನ. ಹುಳಿ ಮುಂದಿರಬೇಕೆಂಬ ನನ್ನ ಸೂತ್ರಕ್ಕೆ ಎಳನೀರು ಒಗ್ಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಸೂತ್ರ ನಾವು ಮಾಡುವ ಪಾನೀಯಕ್ಕೆ. ಎಳನೀರನ್ನು ಯಾರೂ ಮಾಡುವುದಿಲ್ಲ, ಒಡೆಯುತ್ತಾರೆ ಅಷ್ಟೆ.

ಬೇಲವೇ ಏಕೆ, ಹಳೆಯದನ್ನೆಲ್ಲ ಹೊಗಳುವ ಹಟವೇ ಎಂಬ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಬೇಲೂರಿನ ಪಡುವಣ ಹೋಬಳಿಗಳಲ್ಲಿ, ಕಾಫಿ ತೋಟದ ಬೇಲಿಗಳಲ್ಲಿ ಹಬ್ಬುವ ಶರಬತ್ತಿನ ಹಣ್ಣು, ಅಂದರೆ ಪ್ಯಾಶನ್ ಫ್ರೂಟ್, ದಕ್ಷಿಣ ಅಮೆರಿಕದಿಂದ ಬಂದದ್ದು. ಅದನ್ನು ನಾನು ಬೇಲದ ಪಕ್ಕದಲ್ಲೇ ಕೂರಿಸುತ್ತೇನೆ, ಏಕೆಂದರೆ ಅದೂ ಹುಳಿಯನ್ನು ಮುಂದಿಟ್ಟುಕೊಂಡೇ ಹುಟ್ಟಿದ ಹಣ್ಣು. ಎರಡು ಹಣ್ಣಿನ ತಿರುಳು ಒಂದು ಲೋಟ ನೀರನ್ನು ಪರಿಮಳದಿಂದ ತುಂಬುತ್ತದೆ. ಘಟ್ಟದ ಪುನರ್ಪುಳಿಗೂ ಅದೇ ಮಾತು. ಮಾವು, ಸಪೋಟ, ಪಪ್ಪಾಯಿ ತಿನ್ನಲು ಎಷ್ಟು ಸೊಗಸೋ ಕುಡಿಯಲು ಅಷ್ಟೇ ಭಾರ, ಬಾಯಾರಿದವರಿಗೆ ಅವು ಊಟವಾಗುತ್ತವೆ. ಹಳತು ಹೊಸತಿನ ಪ್ರಶ್ನೆ ಇಲ್ಲಿಲ್ಲ. ಆದರೂ ಹಳಬರಿಂದ ಕಲಿಯುವುದಿದೆ. ಬೇಲೂರಿನ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅದೇ ತಲೆಮಾರಿನ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅನ್ನಕ್ಕೆ ಒಂದು ಪ್ರಕರಣವಾದರೆ ಪಾನೀಯಕ್ಕೆ ಇನ್ನೊಂದು ಪ್ರಕರಣ ಎಂದು ವಿಂಗಡಿಸಿ, ಕುಡಿಯುವ ನೀರಿಗೆ ಪರಿಮಳ ಕಟ್ಟುವ ಕ್ರಮವನ್ನೂ ಹೇಳುತ್ತಾನೆ. 16ನೇ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಕನ್ನಡದಲ್ಲಿ, ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರ ಬರೆದಾಗ ಪಾನಕಗಳಿಗೆ ಒಂದು ಅಧ್ಯಾಯವನ್ನೇ ಕೊಟ್ಟ. ಅವರ ಬಳಿ ಐಸ್ ಇರಲಿಲ್ಲ. ತಂಪಿನ ಅನುಭವವನ್ನು ಅವರು ಪರಿಮಳದಿಂದ ಕಟ್ಟಬೇಕಾಗಿತ್ತು, ಆ ಬಲವಂತದಿಂದಲೇ ಅವರ ನಾಲಿಗೆ ಸೂಕ್ಷ್ಮವಾಯಿತು. ನಮಗೆ ಆ ಬಲವಂತವಿಲ್ಲ, ಹಾಗಾಗಿ ಲಾವಂಚದ ಬೇರು ಕಟ್ಟಿ ಮಡಕೆಗೆ ಇಳಿಬಿಡುವುದನ್ನೂ ಮರೆಯುತ್ತಿದ್ದೇವೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೋ ಪಟ್ಟಿ ಸೇರಿದವು. ಎಲ್ಲೆಲ್ಲಿಂದಲೋ ಬಂದವರು ಹಳೇಬೀಡಿನ ಜಗತಿಯ ಮೇಲೆ, ಕಾದ ಕಲ್ಲಿನಲ್ಲಿ ಬರಿಗಾಲಲ್ಲಿ ಸುತ್ತಿ ಹೊರಬರುತ್ತಾರೆ. ಇವರೂ ಈ ಸೀಮೆಯ ನೆಂಟರೇ. ದಾರಿಹೋಕರಿಗೆ ಅರವಟ್ಟಿಗೆ ಇಡಿಸಿದ್ದನ್ನು ದೊಡ್ಡ ದಾನವೆಂದು ಶಾಸನಗಳಲ್ಲಿ ಕೆತ್ತಿಸಿದ ನಾಡಿನಲ್ಲಿ ಅವರಿಗೆ ಸಿಗುವುದು ಊರೂರಲ್ಲೂ ಸಿಗುವ ಅದೇ ಬಾಟಲಿಯಾಗಬಾರದು. ಬೇಲದ ಪಾನಕವನ್ನು ಅಂಗಡಿಯಲ್ಲಿ ಮಾರಲಾಗದು, ಕೆಡುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಬೆಳಿಗ್ಗೆ ಕಲಸಿದ ಪಾನಕ ಸಂಜೆಯ ಹೊತ್ತಿಗೆ ಆ ಬಿಸಿಯಲ್ಲಿ ಹುದುಗಲು ಶುರುವಾಗುತ್ತದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಇನ್ನೂ ಬಿಟ್ಟರೆ ಅದು ಮಕ್ಕಳಿಗೆ ಕೊಡುವ ಪಾನೀಯವಾಗಿ ಉಳಿಯುವುದಿಲ್ಲ. ಆದರೆ ತೇರಿನ ದಿನ ಸಾವಿರಾರು ಜನರಿಗೆ ಪಾನಕ ಹಂಚುವವರು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ. ಬೆಲ್ಲದ ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಸೋಸಿಡುವುದು, ಹಣ್ಣನ್ನು ಒಡೆಯದೆ ಹಾಗೇ ಇಟ್ಟುಕೊಳ್ಳುವುದು, ಜನ ಸೇರಿದಂತೆ ಒಂದೊಂದೇ ಕೊಳಗಕ್ಕೆ ಕಿವುಚಿ ಬೆರೆಸುವುದು. ಚಿಪ್ಪಿನೊಳಗಿರುವಷ್ಟು ಕಾಲ ಬೇಲಕ್ಕೆ ಫ್ರಿಜ್ ಬೇಡ. ದೇಗುಲದ ಎದುರಿನ ಅಂಗಡಿಗೂ ಮನೆಯ ಅಡುಗೆಕೋಣೆಗೂ ಇದೇ ಕ್ರಮ ಸಾಕು: ಬೆಲ್ಲದ ನೀರು ಸಿದ್ಧವಿರಲಿ, ಹಣ್ಣನ್ನು ಬಂದವರ ಎದುರಿಗೇ ಒಡೆಯಿರಿ.